ನಮ್ಮ ಶಾಲೆಗಳಲ್ಲಿ ನೃತ್ಯಕ್ಕೂ ಯಂತ್ರಕ್ಕೂ ಇರತಕ್ಕ ಸ್ಥಾನ

ಹೆಣ್ಣುಮಕ್ಕಳ ಮಿಶನ್ ಶಾಲೆಗಳಲ್ಲಿ ಹೊಲಿಗೆಗೂ ಕಸೂತಿಗೂ ಹಾಡುಗಾರಿಕೆಗೂ ಮೊದಲಿನಿಂದಲೇ ಸ್ಥಳವು ದೊರೆಯಿತು. ಚಿತ್ರಲೇಖನವು ಸ್ವಲ್ಪ ತಡವಾಗಿ ಬಂದಿತು. ನೃತ್ಯವಾದರೋ ಬಹುಕಾಲ ಬಾಗಿಲ ಹೊರಗೇ ನಿಂತಿದ್ದು, ಡ್ರಿಲ್ಲು, ಕೋಲಾಟ, ಅಭಿನಯಗೀತೆ ಮುಂತಾದ ಬೇರೆ ಬೇರೆ ಹೆಸರುಗಳನ್ನು ಹೇಳಿಕೊಂಡು ಮೆಲ್ಲನೆ ಒಳಗೆ ಪ್ರವೇಶಿಸಿತು. ಈಚೆಗೆ ಬಂದ ಯಂತ್ರಗಳಾದ ಗಣಕಯಂತ್ರ, ದೊಡ್ಡ ಪರದೆ, ಮೊಬೈಲು, ಕ್ಯಾಮೆರಾಗಳು ಹೀಗೆ ಕಾದು ನಿಲ್ಲಬೇಕಾಗಲಿಲ್ಲ. ಅವುಗಳಿಗೆ ಮುಂಬಾಗಿಲೇ ತೆರೆಯಿತು. ಈಗ ಇವೆರಡೂ ವಾರ್ಷಿಕೋತ್ಸವದ ರಂಗಸ್ಥಳದ ಮೇಲೆ ಸಂಧಿಸಿವೆ. ಇವುಗಳಲ್ಲಿ ಯಾವುದು ಒಡತಿ, ಯಾವುದು ಸೇವಕಿ ಎಂಬುದನ್ನು ನಿಶ್ಚಯಿಸುವ ಕಾಲವು ಒದಗಿರುತ್ತದೆ. ಶಾಲೆಯ ಹೊತ್ತು ಹೇಗೆ ವಿನಿಯೋಗವಾಗಬೇಕು, ಕೊಡುಗೆಯ ಹಣವು ಯಾವುದಕ್ಕೆ ವೆಚ್ಚವಾಗಬೇಕು ಎಂಬ ವಿಷಯದಲ್ಲಿ ಹಳೆಯ ವಿದ್ಯಾರ್ಥಿನಿಯರ ಮಾತಿಗೂ ತಂದೆತಾಯಿಗಳ ಮಾತಿಗೂ ಬೆಲೆಯುಂಟಾದುದರಿಂದ ಈ ವಿಚಾರವನ್ನು ಅವರ ಮುಂದೆಯೇ ಇಡುವುದು ಯುಕ್ತವೆಂದು ತೋರುತ್ತದೆ.

ಮೊದಲು ನೃತ್ಯದ ಮೇಲಿದ್ದ ಹಳೆಯ ಶಂಕೆಯನ್ನು ಕುರಿತು ಎರಡು ಮಾತು. ಮಿಶನರಿಗಳೂ ಅವರ ಕಾಲದ ಹಿಂದೂ ಸಮಾಜ ಸುಧಾರಕರೂ ನೃತ್ಯವನ್ನು ಹಳಿದದ್ದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಎಳೆಯ ಹುಡುಗಿಯರನ್ನು ದೇವರ ಹೆಸರಿನಲ್ಲಿ ಬಿಟ್ಟು, ಅವರ ಬಾಳನ್ನು ಧನವಂತರ ಇಚ್ಛೆಗೆ ಒಪ್ಪಿಸುವ ಪದ್ಧತಿಯು ಕಣ್ಣೆದುರಿಗಿತ್ತು. 1893ರಲ್ಲಿ ಮದರಾಸಿನ ಸುಧಾರಕರು ನಾಚಿನ ಕೂಟಗಳಿಗೆ ದೊಡ್ಡ ಅಧಿಕಾರಿಗಳು ಹೋಗಬಾರದೆಂದು ಬಿನ್ನವಿಸಿಕೊಂಡರು. 1909ರಲ್ಲಿ ಮೈಸೂರು ಸಂಸ್ಥಾನದ ಸರಕಾರವು ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. 1947ರಲ್ಲಿ ಮದರಾಸಿನಲ್ಲಿಯೂ 1982ರಲ್ಲಿ ಕರ್ನಾಟಕದಲ್ಲಿಯೂ ಹೆಣ್ಣುಮಕ್ಕಳನ್ನು ಹೀಗೆ ಬಿಡುವುದನ್ನು ನಿಷೇಧಿಸುವ ಕಾಯಿದೆಗಳಾದುವು. ಈ ಕ್ರೌರ್ಯವನ್ನು ತೊಲಗಿಸಲು ದುಡಿದವರಿಗೆ ನಾವು ಋಣಿಗಳು. ಆದರೆ ಕಳೆ ಕೀಳುವ ಅವಸರದಲ್ಲಿ ಪೈರಿಗೂ ಏಟು ಬಿದ್ದಿತೆಂಬುದನ್ನು ಒಪ್ಪಿಕೊಳ್ಳಲೇಬೇಕು. ಹುಡುಗಿಯ ಬಾಳನ್ನು ಮಾರಿದ್ದು ಮನುಷ್ಯರ ಲೋಭ; ಅಪವಾದವು ಬಂದದ್ದು ಕಲೆಯ ಮೇಲೆಯೂ ಅದನ್ನು ತಲೆಮಾರುಗಳಿಂದ ಕಾಪಾಡಿದ ಹೆಂಗಸರ ಮೇಲೆಯೂ.

ಆ ಹೆಂಗಸರ ಉಪಕಾರವನ್ನು ನಮ್ಮ ನಾಡು ಮರೆಯಬಾರದು. ಮೈಸೂರಿನ ಜಟ್ಟಿ ತಾಯಮ್ಮನವರು 1857ರಲ್ಲಿ ಹುಟ್ಟಿ 1947ರ ವರೆಗೆ ಬಾಳಿ, ಅರಮನೆಯ ಅಭಿನಯ ಸಂಪ್ರದಾಯವನ್ನು ಮುಂದಿನವರಿಗೆ ಒಪ್ಪಿಸಿದರು. ಅವರ ಶಿಷ್ಯೆಯಾದ ವೆಂಕಟಲಕ್ಷಮ್ಮನವರು ಅರಮನೆಯಲ್ಲಿ ಬಹುಕಾಲ ಸೇವೆ ಮಾಡಿ, 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ನೃತ್ಯ ವಿಭಾಗದಲ್ಲಿ ಅಧ್ಯಾಪಕಿಯಾದರು. 1992ರಲ್ಲಿ ಪದ್ಮಭೂಷಣವನ್ನು ಪಡೆದರು. ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು 1926ರಲ್ಲಿ ‘ನಟೀರ್ ಪೂಜಾ’ ನಾಟಕವನ್ನಾಡಿಸಿ, ಗೌರವಸ್ಥರ ಮನೆಯ ಹುಡುಗಿಯು ನರ್ತಿಸಬಹುದೆಂಬುದನ್ನು ತೋರಿಸಿದರು. ರುಕ್ಮಿಣೀದೇವಿಯವರು 1936ರಲ್ಲಿ ಅಡಯಾರಿನಲ್ಲಿ ಕಲಾಕ್ಷೇತ್ರವನ್ನು ಸ್ಥಾಪಿಸಿದರು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ಯು. ಎಸ್. ಕೃಷ್ಣರಾಯರೂ ಅವರ ಪತ್ನಿ ಚಂದ್ರಭಾಗಾದೇವಿಯವರೂ 1942ರಲ್ಲಿ ‘ಮಹಾಮಾಯಾ’ ಎಂಬ ನೃತ್ಯಶಾಲೆಯನ್ನು ತೆರೆದರು. ವಿಜ್ಞಾನವನ್ನು ಬಲ್ಲವನು ನೃತ್ಯವನ್ನೂ ಬಲ್ಲವನಾಗಬಹುದೆಂಬುದಕ್ಕೆ ಬೇರೆ ನಿದರ್ಶನವು ಬೇಕಿಲ್ಲ.

ಕ್ರೈಸ್ತ ಶಾಲೆಯಲ್ಲಿ ನೃತ್ಯವೆ? ಎಂದು ಇನ್ನೂ ಹುಬ್ಬುಗಂಟಿಕ್ಕುವ ಹಿರಿಯರು ಉಂಟು. ಅವರು ಸತ್ಯವೇದವನ್ನು ಮತ್ತೊಮ್ಮೆ ತೆರೆದು ನೋಡಬೇಕೆಂದು ವಿನಯದಿಂದ ಬೇಡುತ್ತೇವೆ. ಇಸ್ರಾಯೇಲ್ಯರು ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳು ದಮ್ಮಡಿಯನ್ನು ಹಿಡಿದು ಹೊರಟಳೆಂದೂ ಉಳಿದ ಸ್ತ್ರೀಯರು ನಾಟ್ಯವಾಡುತ್ತ ಅವಳ ಹಿಂದೆ ನಡೆದರೆಂದೂ ವಿಮೋಚನಕಾಂಡದ 15ನೆಯ ಅಧ್ಯಾಯದಲ್ಲಿದೆ. ದೇವರ ಮಂಜೂಷದ ಮುಂದೆ ದಾವೀದ ಅರಸನು ಕುಣಿದ ಸಂಗತಿಯೂ ಅದನ್ನು ಕಂಡು ಹೀನೈಸಿದ ಮೀಕಲಳ ಸಂಗತಿಯೂ ಎರಡನೆಯ ಸಮುವೇಲನ 6ನೆಯ ಅಧ್ಯಾಯದಲ್ಲಿವೆ. ದೇವರನ್ನು ನಾಟ್ಯದಿಂದ ಸ್ತುತಿಸಬೇಕೆಂಬ ಪ್ರೇರಣೆಯು ಕೀರ್ತನೆಗಳ ಕಡೆಯ ಭಾಗದಲ್ಲಿ ಎರಡು ಸಾರಿ ಬರುತ್ತದೆ. ಕೇರಳದ ತೋಮಾ ಕ್ರೈಸ್ತರು ದೀಪದ ಸುತ್ತ 12 ಮಂದಿ ನಿಂತು ಆಡುವ ‘ಮಾರ್ಗಂಕಳಿ’ಯು ಹಿಂದೆ ಗಂಡಸರದಾಗಿದ್ದು, ಇಂದು ಆ ನಾಡಿನ ಶಾಲಾ ಕಲೋತ್ಸವಗಳಲ್ಲಿ ಹುಡುಗಿಯರ ಕಲೆಯಾಗಿರುತ್ತದೆ. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಪಾದ್ರಿಗಳಾಗಿದ್ದು ಬರೋಡೆಯಲ್ಲಿ ಭರತನಾಟ್ಯವನ್ನು ಕಲಿತ ಫ್ರಾನ್ಸಿಸ್ ಬಾರ್ಬೋಜಾರವರು ಕ್ರಿಸ್ತಚರಿತ್ರೆಯ ಪ್ರಸಂಗಗಳಿಗೆ ತಕ್ಕ ಹೊಸ ಹಸ್ತಗಳನ್ನು ಕಲ್ಪಿಸಿ ಪ್ರದರ್ಶಿಸಿದರು. ಹೀಗಿರಲು ಧರ್ಮವನ್ನು ಮುಂದೊಡ್ಡಿ ನೃತ್ಯವನ್ನು ತಡೆಯಲು ಆಧಾರವು ಸಾಲದು.

ಇನ್ನು ನೃತ್ಯದಿಂದ ಹುಡುಗಿಗೆ ಆಗುವ ಪ್ರಯೋಜನವೇನು? ಮೊದಲನೆಯದು, ದೇಹದ ಸ್ವಾಧೀನತೆ. 5ರಿಂದ 17 ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದಷ್ಟಾದರೂ ಮೈದಣಿಯುವ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಅವರೇ ಪ್ರಕಟಿಸಿದ 2016ರ ಲೆಕ್ಕದಂತೆ ಲೋಕದಲ್ಲಿ 11ರಿಂದ 17 ವಯಸ್ಸಿನ ಹುಡುಗಿಯರ ಪೈಕಿ 100ಕ್ಕೆ ಸುಮಾರು 85 ಮಂದಿಗೆ ಇಷ್ಟು ಚಟುವಟಿಕೆಯಿರಲಿಲ್ಲ. ನಮ್ಮ ಮನೆಗಳಲ್ಲಿ ಹುಡುಗಿಯು ದೊಡ್ಡವಳಾದೊಡನೆ ಅವಳ ಓಟವೂ ಜಿಗಿತವೂ ನಿಂತುಹೋಗುವುದನ್ನು ತಾಯಂದಿರೆಲ್ಲರೂ ಬಲ್ಲರು. ಆಟದ ಬಯಲಿಗೆ ಹೋಗಲು ನಾಚುವ ಹುಡುಗಿಯೂ ಗೆಳತಿಯರ ನಡುವೆ ತಾಳಕ್ಕೆ ಹೆಜ್ಜೆಯಿಡಲು ಒಪ್ಪುತ್ತಾಳೆ. ಎರಡನೆಯದು, ಲೆಕ್ಕದ ತಿಳಿವಳಿಕೆ. ಒಂದೇ ಅಡವನ್ನು ಒಂದನೆಯ ಕಾಲದಲ್ಲಿಯೂ ಅದರ ಇಮ್ಮಡಿ ವೇಗದಲ್ಲಿಯೂ ನಾಲ್ಮಡಿ ವೇಗದಲ್ಲಿಯೂ ತಾಳ ತಪ್ಪದೆ ಹಾಕಬಲ್ಲವಳು ಭಿನ್ನರಾಶಿಯನ್ನು ಕಾಲಿನಿಂದಲೇ ಕಲಿತಿರುತ್ತಾಳೆ. ಮೂರನೆಯದು, ಪರರ ಮನಸ್ಸನ್ನು ಊಹಿಸುವ ಶಕ್ತಿ. ಕಳೆದ ಮಗನಿಗಾಗಿ ದಾರಿ ನೋಡುವ ತಂದೆಯನ್ನು ಮಾತಿಲ್ಲದೆ ತೋರಿಸಬೇಕಾದರೆ ಆ ತಂದೆಯ ಎದೆಯೊಳಕ್ಕೆ ಒಂದು ಗಳಿಗೆಯಾದರೂ ಇಳಿಯಬೇಕು. ನಾಲ್ಕನೆಯದು, ಒಗ್ಗಟ್ಟು. ಕೋಲಾಟದಲ್ಲಿ ಒಬ್ಬಳ ಕೋಲು ತಡವಾದರೆ ಎದುರಿನವಳ ಕೋಲು ಗಾಳಿಯನ್ನು ಹೊಡೆಯುತ್ತದೆ; ಉಪದೇಶದ ಅವಶ್ಯಕತೆಯಿಲ್ಲದೆಯೇ ಇಬ್ಬರಿಗೂ ಪಾಠವಾಗುತ್ತದೆ.

ಆದರೆ ಈ ಪ್ರಯೋಜನಗಳು ಈಗ ಎಷ್ಟು ಮಂದಿ ಹುಡುಗಿಯರಿಗೆ ದೊರೆಯುತ್ತಿವೆ? ಸತ್ಯವನ್ನು ನುಡಿಯುವುದಾದರೆ ಅನೇಕ ಶಾಲೆಗಳಲ್ಲಿ ನೃತ್ಯವೆಂಬುದು ವಾರ್ಷಿಕೋತ್ಸವಕ್ಕೆ ಮುಂಚಿನ ಎರಡು ವಾರಗಳ ಗಡಿಬಿಡಿಯಾಗಿದೆ. ಚುರುಕಾದ ಎಂಟು ಹತ್ತು ಹುಡುಗಿಯರನ್ನು ಆರಿಸುವರು. ಅವರಲ್ಲಿ ಹೆಚ್ಚಿನವರು ಮನೆಯವರ ಅನುಕೂಲದಿಂದ ಹೊರಗೆ ಮೊದಲೇ ಕಲಿತವರು. ಯಾವುದೋ ಚಲಚ್ಚಿತ್ರದ ಹಾಡನ್ನು ಧ್ವನಿವರ್ಧಕದಲ್ಲಿ ಹಾಕಿ, ಮೊಬೈಲಿನಲ್ಲಿ ಕಂಡ ಕುಣಿತವನ್ನೇ ಕುಣಿಸುವರು. ಬಾಡಿಗೆಯ ಉಡುಪಿನ ಹಣವು ತಂದೆತಾಯಿಗಳ ಮೇಲೆ ಬೀಳುವುದು; ಅದನ್ನು ಕೊಡಲಾರದವರ ಮಗಳು ತಾನಾಗಿಯೇ ಹಿಂದೆ ಸರಿಯುವಳು. ಉಳಿದ ನಾನೂರು ಹುಡುಗಿಯರು ಕುರ್ಚಿಯಲ್ಲಿ ಕುಳಿತು ಚಪ್ಪಾಳೆ ತಟ್ಟುವರು. ಗಣಿತವನ್ನು ಎಂಟು ಮಂದಿಗೆ ಮಾತ್ರ ಹೇಳಿಕೊಟ್ಟು, ಉಳಿದವರು ನೋಡಿ ಆನಂದಿಸಲೆಂದು ನಾವು ಬಿಡುತ್ತೇವೆಯೆ? ಕಲೆಯು ವಿದ್ಯೆಯಾಗಬೇಕಾದರೆ ಅದು ಎಲ್ಲರ ಪಾಲಿಗೂ ಬರಬೇಕು.

ಈಗ ಯಂತ್ರದ ವಿಚಾರ. ಯಂತ್ರವನ್ನು ಕಂಡು ಬೆದರುವುದು ಮಿಶನಿನ ಪರಂಪರೆಗೆ ಒಪ್ಪುವುದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನವರು 1841ರಲ್ಲಿ ಅಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು; 1843ರಲ್ಲಿ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವು ಹೊರಟಿತು; 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾಯಿತು. ಅಚ್ಚಿನ ಯಂತ್ರವಿಲ್ಲದಿದ್ದರೆ ಕನ್ನಡವನ್ನೋದುವ ಹುಡುಗಿಯ ಕೈಗೆ ಪುಸ್ತಕವೇ ಬರುತ್ತಿರಲಿಲ್ಲ.

ಕಲೆಯ ಪಾಠದಲ್ಲಿ ಯಂತ್ರವು ಏನು ಕೊಡುವುದು, ಏನು ಕಳೆಯುವುದು ಎಂಬುದಕ್ಕೆ ಹಾರ್ಮೋನಿಯಮ್ಮಿನ ಚರಿತ್ರೆಯೇ ಒಳ್ಳೆಯ ದೃಷ್ಟಾಂತ. ಯೂರೋಪಿನಲ್ಲಿ ಹುಟ್ಟಿ ಇಲ್ಲಿಗೆ ಬಂದ ಈ ವಾದ್ಯವನ್ನು ಕಲಕತ್ತೆಯ ಕುಶಲಕರ್ಮಿಗಳು ನೆಲದ ಮೇಲೆ ಕುಳಿತು ಒಂದು ಕೈಯಿಂದ ತಿದಿಯೊತ್ತುವಂತೆ ಮಾರ್ಪಡಿಸಿದರು. ದೇವಾಲಯದ ಭಜನೆ, ಕಂಪೆನಿ ನಾಟಕ, ನಮ್ಮ ಶಾಲೆಗಳ ಪ್ರಾರ್ಥನೆ ಎಲ್ಲಕ್ಕೂ ಅದು ಶ್ರುತಿ ಕೊಟ್ಟಿತು. ಆದರೆ ಅದರ ಸ್ವರಗಳು ಬಿಡಿಬಿಡಿಯಾಗಿ ನಿಲ್ಲತಕ್ಕವು; ಸ್ವರದಿಂದ ಸ್ವರಕ್ಕೆ ಜಾರುವ ಗಮಕವು ಅದಕ್ಕೆ ಸಾಧ್ಯವಿಲ್ಲ. ಈ ಕೊರತೆಯನ್ನು ಎತ್ತಿಹಿಡಿದು ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿದರು. 1971ರ ವರೆಗೆ ಆ ನಿರ್ಬಂಧವು ಸಡಿಲವಾಗಲಿಲ್ಲ. ಇಷ್ಟರಿಂದ ಜನರು ಹಾರ್ಮೋನಿಯಮ್ಮನ್ನು ಬಿಡಲಿಲ್ಲ. ಬುದ್ಧಿವಂತೆಯಾದ ಸಂಗೀತದ ಉಪಾಧ್ಯಾಯಿನಿಯು ಅದರಿಂದ ಶ್ರುತಿಯನ್ನು ತೆಗೆದುಕೊಂಡು ಗಮಕವನ್ನು ತನ್ನ ಕಂಠದಿಂದಲೇ ಕಲಿಸಿದಳು. ಇಂದಿನ ಯಂತ್ರಗಳ ವಿಷಯದಲ್ಲಿಯೂ ನಾವು ಅನುಸರಿಸಬೇಕಾದ ನೀತಿಯು ಇದೇ.

ಯಂತ್ರವು ಕೊಡುವುದೇನೆಂದು ನೋಡೋಣ. ದೊಡ್ಡ ಊರನ್ನು ಕಾಣದ ಹುಡುಗಿಯು ಹಿರಿಯ ಕಲಾವಿದೆಯರ ನೃತ್ಯವನ್ನು ಪರದೆಯ ಮೇಲೆ ನೋಡಬಹುದು. ಮಣಿಪುರಿ, ಒಡಿಸ್ಸಿ, ಯಕ್ಷಗಾನ, ವೀರಗಾಸೆಗಳನ್ನು ಒಂದೇ ಗಂಟೆಯಲ್ಲಿ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಹೋಲಿಸಬಹುದು. ಕಠಿನವಾದ ಜತಿಯನ್ನು ನಿಧಾನಗೊಳಿಸಿ, ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತಿಳಿಯಬಹುದು. ಎಲ್ಲಕ್ಕಿಂತ ಮಿಗಿಲಾಗಿ ಹುಡುಗಿಯು ತನ್ನನ್ನು ತಾನೇ ನೋಡಿಕೊಳ್ಳಬಹುದು. ನಂದಿಕೇಶ್ವರನ ಗ್ರಂಥಕ್ಕೆ ‘ಅಭಿನಯ ದರ್ಪಣ’ವೆಂದು ಹೆಸರು, ಅದನ್ನು ಆನಂದ ಕುಮಾರಸ್ವಾಮಿಯವರು ಗೋಪಾಲಕೃಷ್ಣಯ್ಯನವರೊಡನೆ ಇಂಗ್ಲಿಷಿಗೆ ತಿರುಗಿಸಿ 1917ರಲ್ಲಿ ಪ್ರಕಟಿಸಿದಾಗಲೂ ಕನ್ನಡಿಯೆಂಬ ಅರ್ಥವನ್ನು ಹೆಸರಿನಲ್ಲಿ ಉಳಿಸಿಕೊಂಡರು. ಕ್ಯಾಮೆರಾವು ಮತ್ತೊಂದು ಕನ್ನಡಿ. “ಮಗು, ನಿನ್ನ ಎಡಮೊಣಕೈ ಇಳಿದಿದೆ” ಎಂದು ಉಪಾಧ್ಯಾಯಿನಿಯು ಹತ್ತು ಸಲ ಹೇಳಿದರೂ ನಂಬದವಳು ಒಂದು ಸಲ ಕಂಡರೆ ತಾನೇ ತಿದ್ದಿಕೊಳ್ಳುವಳು.

ಯಂತ್ರದಿಂದ ಆಗದಿರುವುದೇನೆಂಬುದನ್ನು 2020ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದ ಕಾಲವು ಎಲ್ಲರಿಗೂ ಕಲಿಸಿತು. ನೃತ್ಯದ ಪಾಠವು ಮೊಬೈಲಿನ ಮೂಲಕ ನಡೆದಾಗ ಶಬ್ದವು ದೂರದಿಂದ ಬರುವಲ್ಲಿ ತಡವಾಗುತ್ತಿತ್ತು. ಸೆಕೆಂಡಿನ ನೂರರಲ್ಲಿ ಕೆಲವು ಪಾಲಿನಷ್ಟು ತಡವಾದರೂ ಇಬ್ಬರು ಒಂದೇ ತಾಳದಲ್ಲಿ ನಿಲ್ಲುವುದು ಕಷ್ಟ. ದೂರದ ಸಂಪರ್ಕದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಾಗಿ ತಡವಾಗುತ್ತದೆ. ಆದುದರಿಂದ ಉಪಾಧ್ಯಾಯಿನಿಯು ಮಣೆಯ ಮೇಲೆ ಕೋಲು ತಟ್ಟಿದರೆ ಶಿಷ್ಯೆಯ ಹೆಜ್ಜೆಯು ಹಿಂದೆ ಬೀಳುವುದು. ಹತ್ತು ಮಂದಿ ಒಟ್ಟಿಗೆ ಹೆಜ್ಜೆ ಹಾಕುವುದಂತೂ ಆಗದ ಮಾತು. ಪರದೆಯ ಮೇಲೆ ತನ್ನ ಬಲವು ಎಡವಾಗಿ ಕಾಣಿಸಿ ಚಿಕ್ಕ ಮಕ್ಕಳಿಗೆ ಗಲಿಬಿಲಿಯಾಗುವುದು. ಇವುಗಳಿಗಿಂತಲೂ ಮುಖ್ಯವಾದುದು ಮತ್ತೊಂದುಂಟು. ಅರೆಮಂಡಿಯಲ್ಲಿ ನಿಲ್ಲುವಾಗ ಮಂಡಿಯು ಪಾದದ ಬೆರಳುಗಳ ದಿಕ್ಕಿಗೇ ತೆರೆಯಬೇಕು. ಪಾದ ಒಂದು ಕಡೆಗೆ, ಮಂಡಿ ಒಂದು ಕಡೆಗೆ ತಿರುಗಿದರೆ ಕೀಲಿಗೆ ಕೇಡು. ಚಪ್ಪಟೆಯಾದ ಚಿತ್ರದಲ್ಲಿ ಇದು ಚೆನ್ನಾಗಿ ತಿಳಿಯದು. ಹತ್ತಿರ ನಿಂತ ಗುರುವಿನ ಕಣ್ಣಿಗೆ ತಿಳಿಯುವುದು. ಅವಳು ಹುಡುಗಿಯನ್ನು ತಡೆದು ನಿಲ್ಲಿಸಿ ಸರಿಪಡಿಸುವಳು. ಹುಡುಗಿಯು ಇಂದು ದಣಿದಿದ್ದಾಳೆಯೆ, ಹಸಿದು ಬಂದಿದ್ದಾಳೆಯೆ, ಮನೆಯಲ್ಲಿ ಏನಾದರೂ ದುಃಖವುಂಟೆ ಎಂಬುದೂ ಆ ಕಣ್ಣಿಗೇ ಕಾಣುವುದು.

ತಾಯಂದಿರು ವಿಶೇಷವಾಗಿ ಲಕ್ಷ್ಯವಿಡಬೇಕಾದ ಒಂದು ಅಪಾಯವನ್ನು ಇಲ್ಲಿ ಹೇಳದೆ ಇರಲಾಗದು. ಹಿಂದೆ ಹುಡುಗಿಯು ರಂಗದ ಮೇಲೆ ನರ್ತಿಸಿದರೆ ಸಭೆಯಲ್ಲಿದ್ದವರು ನೋಡಿ, ಮೆಚ್ಚಿ, ಮನೆಗೆ ಹೋಗುತ್ತಿದ್ದರು. ಈಗ ನೂರು ಮೊಬೈಲುಗಳು ಮೇಲೇಳುತ್ತವೆ. ಅಂದಿನ ರಾತ್ರಿಯೇ ಆ ಚಿತ್ರವು ಲೋಕವನ್ನೆಲ್ಲ ಸುತ್ತುತ್ತದೆ. ಯಾರು ನೋಡಿದರು, ಯಾರು ಕತ್ತರಿಸಿ ಇಟ್ಟುಕೊಂಡರು, ಯಾರು ಹೊಲಸು ಮಾತು ಬರೆದರು ಎಂಬುದು ಶಾಲೆಯ ಕೈಮೀರಿದ ವಿಷಯವಾಗುತ್ತದೆ. ಶಾಲೆಗಳೇ ತಮ್ಮ ಪ್ರಸಿದ್ಧಿಗಾಗಿ ಇಂಥ ಚಿತ್ರಗಳನ್ನು ಪ್ರಕಟಿಸುವುದೂ ಉಂಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರ್ಷ ತುಂಬದವರ ವಿವರಗಳನ್ನು ಬಳಸುವುದಕ್ಕೆ ತಂದೆತಾಯಿಗಳ ಖಚಿತವಾದ ಒಪ್ಪಿಗೆ ಬೇಕೆಂದು ವಿಧಿಸಿದೆ. ಆದರೆ ಕಾಯಿದೆಗಿಂತ ಮುಂಚೆ ಮನಸ್ಸಾಕ್ಷಿಯುಂಟಲ್ಲವೆ? ಹಿಂದಿನವರು ಹೋರಾಡಿದ್ದು ಹೆಣ್ಣುಮಗಳ ದೇಹವು ಪರರ ಭೋಗದ ಸರಕಾಗಬಾರದೆಂಬುದಕ್ಕಾಗಿ. ಅದೇ ಕೇಡು ಕೈಯಲ್ಲಿರುವ ಕಿರುಪರದೆಯ ದಾರಿಯಿಂದ ಮತ್ತೆ ಬರುವುದಾದರೆ ನಾವು ಕಣ್ಣು ಮುಚ್ಚಿ ಕುಳಿತಿರಬಾರದು. ಅಲ್ಲದೆ, ಎಷ್ಟು ಮಂದಿ ಮೆಚ್ಚಿದರೆಂದು ಎಣಿಸುತ್ತ ನರ್ತಿಸುವ ಹುಡುಗಿಯು ತಾಳವನ್ನು ಕೇಳುವುದನ್ನು ಮರೆಯುವಳು.

ಈ ಕಾರಣಗಳಿಂದ ಕೆಲವು ಸೂಚನೆಗಳನ್ನು ವಾಚಕರ ವಿಮರ್ಶೆಗೆ ಒಪ್ಪಿಸುತ್ತೇವೆ. ಒಂದನೆಯದು: ಹೈಸ್ಕೂಲಿನ ಪ್ರತಿಯೊಂದು ತರಗತಿಗೂ ವಾರಕ್ಕೆ ಒಂದು ಗಂಟೆ ನೃತ್ಯದ ಪಾಠವು ವೇಳಾಪಟ್ಟಿಯಲ್ಲಿಯೇ ಇರಬೇಕು. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಚಿತ್ರಕಲೆ, ನಾಟಕ, ಸಂಗೀತಗಳೊಡನೆ ನೃತ್ಯವನ್ನೂ ಶಾಲೆಯ ಕಲಾಶಿಕ್ಷಣದಲ್ಲಿ ಸೇರಿಸಿರುವುದರಿಂದ ಇದು ಅತಿಯಾದ ಬೇಡಿಕೆಯಲ್ಲ. ಎರಡನೆಯದು: ಕೊಡುಗೆ ಕೊಡಲು ಇಚ್ಛಿಸುವವರು ದೊಡ್ಡ ಪರದೆಗೆ ಮುಂಚೆ ಉಪಾಧ್ಯಾಯಿನಿಯ ಸಂಬಳವನ್ನೂ ಮರದ ಹಲಗೆ ಹಾಸಿದ ಒಂದು ಕೊಠಡಿಯನ್ನೂ ನೆನೆಯಬೇಕು. ಸಿಮೆಂಟಿನ ನೆಲವು ಎಳೆಯ ಕಾಲುಗಳಿಗೆ ಕಠೋರವಾದುದು. ಪರದೆಯ ಮೇಲೆ ಕೊಟ್ಟವರ ಹೆಸರನ್ನು ಬರೆಯಿಸಬಹುದು, ಸಂಬಳದ ಮೇಲೆ ಬರೆಯಿಸಲಾಗದು ಎಂಬುದು ನಿಜ. ಆದರೂ ಹತ್ತು ವರ್ಷಗಳೊಳಗೆ ಹಳತಾಗುವ ವಸ್ತುವಿಗಿಂತ ನೂರಾರು ಹುಡುಗಿಯರ ಮೈಮನಸ್ಸಿನಲ್ಲಿ ಉಳಿಯುವ ವಿದ್ಯೆಯು ದೊಡ್ಡ ಸ್ಮಾರಕ. ಮೂರನೆಯದು: ಪಾಠಕ್ಕಾಗಿ ತೆಗೆಯುವ ಚಿತ್ರಗಳನ್ನು ಶಾಲೆಗೆ ಸೇರಿದ ಒಂದೇ ಸಾಧನದಲ್ಲಿ ತೆಗೆದು, ತಿದ್ದುವ ಕಾರ್ಯವು ಮುಗಿದೊಡನೆ ಅಳಿಸಬೇಕು. ವಾರ್ಷಿಕೋತ್ಸವದಲ್ಲಿ ಶಾಲೆಯ ಕಡೆಯಿಂದ ಒಂದೇ ಕ್ಯಾಮೆರಾ ಇದ್ದು, ಉಳಿದವರು ತಮ್ಮವನ್ನು ಚೀಲದಲ್ಲಿಟ್ಟು ಕಣ್ಣಾರೆ ನೋಡಬೇಕು. ನಾಲ್ಕನೆಯದು: ವರ್ಷಕ್ಕೆ ಒಂದಾದರೂ ನೃತ್ಯಕ್ಕೆ ನಮ್ಮ ಹುಡುಗಿಯರೇ ಹಾಡಬೇಕು, ನಮ್ಮವರೇ ತಾಳ ಹಿಡಿಯಬೇಕು. ಐದನೆಯದು: ಯಂತ್ರವನ್ನು ಹುಡುಗಿಯರ ಕೈಗೇ ಕೊಟ್ಟು, ತಮ್ಮ ತಮ್ಮ ಊರಿನ ಅಜ್ಜಿಯರು ಬಲ್ಲ ಕೋಲಾಟದ ಪದಗಳನ್ನೂ ಸೋಬಾನೆಗಳನ್ನೂ ಕುಣಿತದ ಹೆಜ್ಜೆಗಳನ್ನೂ ಅವರ ಒಪ್ಪಿಗೆಯಿಂದ ದಾಖಲೆ ಮಾಡಿ ತರುವಂತೆ ಹೇಳಬೇಕು. ನಕಲು ಮಾಡುವುದಕ್ಕೆ ಬಳಕೆಯಾಗುತ್ತಿರುವ ಯಂತ್ರವು ಆಗ ಕಾಪಾಡುವುದಕ್ಕೆ ಬಳಕೆಯಾಗುವುದು.

ಇವುಗಳಿಗೆ ಆಕ್ಷೇಪಣೆಗಳು ಬಾರದಿರವು. ಎಸ್. ಎಸ್. ಎಲ್. ಸಿ. ಪರೀಕ್ಷೆಯ ಅಂಕಗಳಿಗೆ ಕುಂದುಂಟಾಗುವುದೆಂದು ತಂದೆಯರು ಹೇಳಬಹುದು. ವಾರಕ್ಕೆ ಒಂದು ಗಂಟೆಯು ಪರೀಕ್ಷೆಯನ್ನು ಕೆಡಿಸಲಾರದು. ಇಡೀ ದಿನ ಬೆಂಚಿನ ಮೇಲೆ ಕುಳಿತು ಬಳಲಿದ ಬುದ್ಧಿಗೆ ಅದು ಉಸಿರಾದೀತು. ಬೇರೆ ಬೇರೆ ಮತಗಳ ಮಕ್ಕಳು ಓದುವ ಶಾಲೆಯಲ್ಲಿ ಯಾವ ದೇವರ ಕಥೆಯನ್ನು ಆಡಿಸುವಿರೆಂದು ಕೆಲವರು ಕೇಳಬಹುದು. ಮಳೆ, ಬಿತ್ತನೆ, ನೂಲುವುದು, ಮೀನುಗಾರರ ದೋಣಿ, ನೆರೆಯವನ ದುಃಖ, ಇವು ಯಾವ ಮತಕ್ಕೂ ಹೊರಗಲ್ಲ. ಯಾವಳೊಬ್ಬಳಿಗೂ ಅವಳ ಮನಸ್ಸಾಕ್ಷಿಗೆ ವಿರೋಧವಾದುದನ್ನು ಮಾಡಿಸಬೇಕಾಗಿಲ್ಲ. ಕಾಲವು ಮುಂದೆ ಹೋಗುತ್ತಿರಲು ಯಂತ್ರವನ್ನು ಹಿಂದಕ್ಕೆ ತಳ್ಳುತ್ತೀರಿ ಎಂದು ತರುಣಿಯರು ಅನ್ನಬಹುದು. ತಳ್ಳುತ್ತಿಲ್ಲ, ಅದಕ್ಕೆ ಕೆಲಸವನ್ನು ಗೊತ್ತುಮಾಡುತ್ತಿದ್ದೇವೆ. ಮನೆಗೆ ಬಂದ ಹೊಸ ಆಳಿಗೆ ಇದು ನಿನ್ನ ಕೆಲಸ, ಇದು ನಿನ್ನದಲ್ಲ ಎಂದು ಮೊದಲ ದಿನವೇ ಹೇಳಿಬಿಡುವ ಗೃಹಿಣಿಯನ್ನು ಯಾರೂ ಹಳೆಯ ಕಾಲದವಳೆಂದು ಹಳಿಯುವುದಿಲ್ಲ.

ಪ್ರಿಯ ಸಹೋದರಿಯರೇ, ಪೋಷಕ ಮಹಾಶಯರೇ, ಹುಡುಗಿಯರಿಗೆ ಅಕ್ಷರವೇಕೆ ಎಂದು ಊರೆಲ್ಲ ಕೇಳುತ್ತಿದ್ದ ಕಾಲದಲ್ಲಿ ಇಂಥ ಶಾಲೆಗಳು ತೆರೆದುವು. ಅವರಿಗೆ ನೃತ್ಯವೇಕೆ ಎಂಬ ಪ್ರಶ್ನೆಯೂ ಅದೇ ಜಾತಿಯದು. ಅದಕ್ಕೂ ಅಂಥದೇ ಧೈರ್ಯದ ಉತ್ತರವು ಸಲ್ಲುತ್ತದೆ. ಮುಂದಿನ ಸಂಘದ ಸಭೆಯಲ್ಲಿ ಕೊಡುಗೆಯ ಮಾತು ಬಂದಾಗ, ಎಷ್ಟು ಅಂಗುಲದ ಪರದೆ ಬೇಕೆಂದು ಕೇಳುವುದಕ್ಕೆ ಮುಂಚೆ, ಈ ವರ್ಷ ಎಷ್ಟು ಮಂದಿ ಹುಡುಗಿಯರು ಹೆಜ್ಜೆ ಹಾಕಿದರೆಂದು ನಮ್ಮಲ್ಲಿ ಒಬ್ಬರಾದರೂ ಎದ್ದು ಕೇಳುವರೆಂದು ನಂಬುತ್ತೇವೆ. ಈ ಕಾರ್ಯದಲ್ಲಿ ದುಡಿಯುವ ಉಪಾಧ್ಯಾಯಿನಿಯರಿಗೂ ಅವರ ಕೈಯಲ್ಲಿ ಬೆಳೆಯುವ ಮಕ್ಕಳಿಗೂ ದೇವರ ಆಶೀರ್ವಾದವಿರಲಿ.